ರಕ್ತದಲ್ಲಿ ಮೆಲನೋಮ ಕೋಶ ಹುಡುಕುವ ಪರೀಕ್ಷೆ: ಟ್ಯೂಬಿಗೆ ರಕ್ತ ಕೊಡುವ ಮುಂಚೆ, ರಿಪೋರ್ಟ್ ಕೈಗೆ ಬಂದ ಮೇಲೆ

"ಅಕ್ಕಾ, ಅಪ್ಪನ ರಿಪೋರ್ಟ್ ಬಂತು. 2 ಅಂತ ಇದೆ. ಎರಡು ಅಂದ್ರೆ ಜಾಸ್ತಿನಾ, ಕಡಿಮೆನಾ?"

ರಾತ್ರಿ ಹತ್ತೂವರೆಗೆ ಬಂದ ಫೋನ್ ಇದು. ಅವಳ ತಂದೆಗೆ ಅಂಗಾಲಿನ ಮಚ್ಚೆಯಿಂದ ಶುರುವಾದ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್. ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಗಾಯ ಒಣಗಿತ್ತು, ನಡೆದಾಡುತ್ತಿದ್ದರು. ಅಷ್ಟರಲ್ಲಿ ಯಾರೋ ಹೇಳಿದರು ಅಂತ ರಕ್ತ ಕೊಟ್ಟು ಸಿಟಿಸಿ ಅನ್ನುವ, ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕೋಶ ಎಣಿಸುವ ಪರೀಕ್ಷೆ ಮಾಡಿಸಿದ್ದರು. "ಡಾಕ್ಟರ್ ಏನಂದ್ರು?" ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಡಾಕ್ಟರ್ ಬರೆದುಕೊಟ್ಟ ಪರೀಕ್ಷೆಯೇ ಅಲ್ಲ ಅದು.

ನಾನು ಡಾಕ್ಟರಲ್ಲ. ಲ್ಯಾಬ್ ಕೆಲಸ ಗೊತ್ತು, ರಿಪೋರ್ಟ್ ಓದುವುದು ಗೊತ್ತು. ಈ ಪರೀಕ್ಷೆಯ ಹೆಸರು ಕೇಳಿ ಗಾಬರಿಯಾದವರಿಗೆ, ಇಲ್ಲಾ ಆಸೆ ಹುಟ್ಟಿದವರಿಗೆ, ಯಾವ ಹೊತ್ತಿನಲ್ಲಿ ಏನು ಕೇಳಬೇಕು, ಏನು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಚರ್ಮವನ್ನೇ ನೋಡಿ

ಚರ್ಮದ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ತಿಳಿಯಲು ರಕ್ತ ಪರೀಕ್ಷೆ ಬೇಡ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ, ಆ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಮಚ್ಚೆ ಕಣ್ಣೆದುರೇ ಇದೆ. ಅದರ ಒಂದು ಅರ್ಧ ಇನ್ನೊಂದು ಅರ್ಧದ ಹಾಗಿಲ್ಲವೇ, ಅಂಚು ಹರಿದಂತೆ ಇದೆಯೇ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇದೆಯೇ, 6 ಮಿಲಿಮೀಟರಿಗಿಂತ ಅಗಲವೇ, ಎಲ್ಲಕ್ಕಿಂತ ಮುಖ್ಯವಾಗಿ, ದಿನ ಕಳೆದಂತೆ ಬದಲಾಗುತ್ತಿದೆಯೇ? ಇದರಲ್ಲಿ ಯಾವುದಕ್ಕಾದರೂ ಹೌದು ಅನ್ನಿಸಿದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಬೇಕು. ಅವರಿಗೆ ಅನುಮಾನ ಬಂದರೆ ಮಚ್ಚೆಯನ್ನು ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ತೀರ್ಮಾನ ಹೇಳುವುದು ಬಯಾಪ್ಸಿಯೇ.

ಅಂಗೈ, ಅಂಗಾಲು, ಉಗುರಿನ ಕೆಳಗೆ ಕೂಡ ನೋಡಿಕೊಳ್ಳಿ. ಬಿಸಿಲಿಗೆ ಬೀಳದ ಜಾಗ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮ ಅಪರೂಪ. ಆದರೆ ಬಂದಾಗ ಇಂಥ ಜಾಗದಲ್ಲೇ ಬರುವುದು ಜಾಸ್ತಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಬಂದದ್ದು ಇದೇ ಜಾತಿಯದು. 1977ರಲ್ಲಿ ಪತ್ತೆಯಾಯಿತು. 1981ರಲ್ಲಿ, ಬರೀ 36ನೇ ವಯಸ್ಸಿಗೆ, ಅವರು ತೀರಿಕೊಂಡರು.

ಬಯಾಪ್ಸಿ ರಿಪೋರ್ಟಿನಲ್ಲಿ ಒಂದು ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಇಟ್ಟುಕೊಳ್ಳಿ: ಬ್ರೆಸ್ಲೋ ದಪ್ಪ. ಗಡ್ಡೆ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಅನ್ನುವ ಅಳತೆ ಅದು. ಅಲೆಕ್ಸಾಂಡರ್ ಬ್ರೆಸ್ಲೋ ಅನ್ನುವ ಪೆಥಾಲಜಿಸ್ಟ್ 1970ರಲ್ಲಿ ಕೊಟ್ಟದ್ದು, ಇಂದಿಗೂ ಅದೇ ನಡೆಯುತ್ತಿದೆ. 1 ಮಿಲಿಮೀಟರ್ ಒಳಗಿದ್ದರೆ ಒಂದು ಲೆಕ್ಕ, 4 ದಾಟಿದರೆ ಬೇರೆಯೇ ಲೆಕ್ಕ. ಸಾವಿರ ರಕ್ತ ಪರೀಕ್ಷೆಗಿಂತ ಈ ಒಂದು ಅಳತೆ ಮುಂದಿನ ದಾರಿಯನ್ನು ಚೆನ್ನಾಗಿ ಹೇಳುತ್ತದೆ.

ಎರಡನೇ ಹೆಜ್ಜೆ: ಯಾವ ಚರ್ಮದ ಕ್ಯಾನ್ಸರ್?

"ಸ್ಕಿನ್ ಕ್ಯಾನ್ಸರ್" ಅಂದರೆ ಒಂದೇ ಕಾಯಿಲೆ ಅಲ್ಲ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೇಸಲ್ ಸೆಲ್ ಕಾರ್ಸಿನೋಮ. ಅದು ಇದ್ದ ಜಾಗದಲ್ಲೇ ನಿಧಾನವಾಗಿ ಕೊರೆಯುತ್ತದೆ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಹಾಗಾಗಿ ಅದರ ಕೋಶವನ್ನು ರಕ್ತದಲ್ಲಿ ಹುಡುಕುವುದರಲ್ಲಿ ಅರ್ಥವೇ ಇಲ್ಲ. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಕೆಲವರಲ್ಲಿ ಹರಡುತ್ತದೆ. ಆದರೆ ಅದಕ್ಕೂ ಈ ಪರೀಕ್ಷೆ ರೂಢಿಯಲ್ಲಿಲ್ಲ.

ರಕ್ತದಲ್ಲಿ ಕೋಶ ಹುಡುಕುವ ಮಾತು ಬರುವುದು ಮುಖ್ಯವಾಗಿ ಮೆಲನೋಮದಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಗಾತ್ರದಲ್ಲಿ ಚಿಕ್ಕದಿದ್ದರೂ ಹರಡುವುದರಲ್ಲಿ ಚುರುಕು. ಇನ್ನೊಂದು ಮರ್ಕೆಲ್ ಸೆಲ್ ಕಾರ್ಸಿನೋಮ. ಅಪರೂಪದ್ದು, ಹಟಮಾರಿ. ಅದರ ವಿಷಯ ಮುಂದೆ ಒಂದು ಕಡೆ ಬರುತ್ತದೆ.

ಮೂರನೇ ಹೆಜ್ಜೆ: ಚೀಟಿಯಲ್ಲಿ ಬರೆದಿರುವುದು ಯಾವ ಪರೀಕ್ಷೆ ಅಂತ ಖಚಿತ ಮಾಡಿಕೊಳ್ಳಿ

ಇಲ್ಲಿ ಎಡವುವವರೇ ಜಾಸ್ತಿ. ಮೆಲನೋಮದವರಿಗೆ "ರಕ್ತ ಪರೀಕ್ಷೆ" ಅಂದರೆ ನಾಲ್ಕು ಬೇರೆ ಬೇರೆ ವಸ್ತುಗಳಲ್ಲಿ ಯಾವುದಾದರೂ ಆಗಿರಬಹುದು.

ಎಲ್‌ಡಿಎಚ್ ಹಳೆಯದು, ಅಗ್ಗದ್ದು, ಎಲ್ಲ ಲ್ಯಾಬಿನಲ್ಲೂ ಆಗುತ್ತದೆ. ಅದು ಕೋಶದೊಳಗಿರುವ ಒಂದು ಕಿಣ್ವ. ಕೋಶ ಒಡೆದಾಗ ರಕ್ತಕ್ಕೆ ಸೇರುತ್ತದೆ. ಕ್ಯಾನ್ಸರಿಗೆ ಮಾತ್ರ ಸೇರಿದ್ದೇನೂ ಅಲ್ಲ. ಜೋರಾಗಿ ವ್ಯಾಯಾಮ ಮಾಡಿದರೂ ಏರುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೆ ಸುಮ್ನೆ ಏರಿದ ಹಾಗೆ ಕಾಣುತ್ತದೆ. ಆದರೂ ದೂರದ ಅಂಗಕ್ಕೆ ಹರಡಿದ ನಾಲ್ಕನೇ ಹಂತದ ಮೆಲನೋಮದಲ್ಲಿ ಇದಕ್ಕೆ ಅಧಿಕೃತ ಜಾಗ ಇದೆ. ಎಜೆಸಿಸಿ ಅನ್ನುವ ಅಮೆರಿಕದ ಕ್ಯಾನ್ಸರ್ ಸಮಿತಿಯ, 2018ರಿಂದ ಬಳಕೆಗೆ ಬಂದ 8ನೇ ಆವೃತ್ತಿಯ ಹಂತ ವಿಂಗಡಣೆಯಲ್ಲಿ ಎಲ್‌ಡಿಎಚ್ ಏರಿದೆಯೋ ಇಲ್ಲವೋ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಎಸ್100ಬಿ ಒಂದು ಪ್ರೋಟೀನ್. ಯುರೋಪಿನ ಕೆಲವು ದೇಶಗಳಲ್ಲಿ ಚಿಕಿತ್ಸೆಯ ನಂತರದ ತಪಾಸಣೆಗೆ ಬಳಸುತ್ತಾರೆ. ತಲೆಗೆ ಪೆಟ್ಟಾದಾಗಲೂ ಇದು ಏರುತ್ತದೆ.

ಸಿಟಿಡಿಎನ್ಎ ಅಂದರೆ ಗಡ್ಡೆಯ ಸತ್ತ ಕೋಶಗಳಿಂದ ಚೂರಾಗಿ ರಕ್ತಕ್ಕೆ ಬಿದ್ದ ಡಿಎನ್ಎ ತುಂಡುಗಳು. ಚರ್ಮದ ಮೆಲನೋಮದಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರ ಗಡ್ಡೆಯಲ್ಲಿ ಬಿಆರ್‌ಎಎಫ್ ಅನ್ನುವ ಜೀನ್ ಕೆಟ್ಟಿರುತ್ತದೆ. ಆ ಕೆಟ್ಟ ಜೀನಿನ ತುಂಡನ್ನು ರಕ್ತದಲ್ಲಿ ಹುಡುಕಬಹುದು. ಈ ತುಂಡುಗಳು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಗಂಟೆಗಳ ಲೆಕ್ಕದಲ್ಲಿ ಕರಗುತ್ತವೆ. ಅದಕ್ಕೇ ಇವತ್ತಿನ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತವೆ.

ಸಿಟಿಸಿ ಅಂದರೆ ತುಂಡಲ್ಲ, ಇಡೀ ಕೋಶ. ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ಓಡಾಡುತ್ತಿರುವ ಕೋಶ. ಫೋನಿನಲ್ಲಿ ಕೇಳಿದ "2" ಇದರದ್ದು.

ಸಿಟಿಸಿ, ಸಿಟಿಡಿಎನ್ಎ ಎರಡಕ್ಕೂ ಸೇರಿಸಿ "ಲಿಕ್ವಿಡ್ ಬಯಾಪ್ಸಿ" ಅನ್ನುತ್ತಾರೆ. ಹೀಗಾಗಿ ಕೌಂಟರಿನಲ್ಲಿ ಲಿಕ್ವಿಡ್ ಬಯಾಪ್ಸಿ ಅಂತಷ್ಟೇ ಹೇಳಿದರೆ ಸಾಲದು. ಯಾವುದು ಅಂತ ಬಿಡಿಸಿ ಕೇಳಿ, ಬರೆಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಹೇಗೆ ಹುಡುಕುತ್ತಾರೆ ಅಂತ ತಿಳಿದುಕೊಳ್ಳಿ

ಈ ಭಾಗ ಸ್ವಲ್ಪ ಉದ್ದ. ಆದರೆ ಇದನ್ನು ಬಿಟ್ಟರೆ ರಿಪೋರ್ಟ್ ಅರ್ಥವಾಗುವುದಿಲ್ಲ.

ರಕ್ತದಲ್ಲಿ ಕ್ಯಾನ್ಸರ್ ಕೋಶ ಇರುತ್ತದೆ ಅನ್ನುವುದು ಹೊಸ ಸುದ್ದಿಯಲ್ಲ. 1869ರಲ್ಲೇ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್ ಇದನ್ನು ಕಂಡಿದ್ದರು. ಚರ್ಮದ ಕೆಳಗೆ ಹಲವು ಗಡ್ಡೆಗಳಿದ್ದ ಒಬ್ಬ ಮನುಷ್ಯ ತೀರಿಕೊಂಡ ಮೇಲೆ ಅವನ ಕಾಲಿನ ರಕ್ತನಾಳದ ರಕ್ತವನ್ನು ಮೈಕ್ರೋಸ್ಕೋಪಿನಡಿ ಇಟ್ಟರು. ಗಡ್ಡೆಯಲ್ಲಿದ್ದಂಥದ್ದೇ ಕೋಶಗಳು ರಕ್ತದಲ್ಲೂ ಕಂಡವು. ಕೋಶ ಇರುವುದು ಅಂದೇ ಗೊತ್ತಾಯಿತು. ಬದುಕಿರುವ ಮನುಷ್ಯನ ರಕ್ತದಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗೆ ಹುಡುಕಿ ಎಣಿಸಲು ಮಾತ್ರ ಮತ್ತೆ ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು.

ಯಾಕೆ ಇಷ್ಟು ಕಷ್ಟ? ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣ. 40 ಲಕ್ಷದಿಂದ 1.1 ಕೋಟಿ ಬಿಳಿ ಕಣ. ಅದರ ನಡುವೆ ಗಡ್ಡೆಯ ಕೋಶ ಒಂದೋ ಎರಡೋ, ಎಷ್ಟೋ ಸಲ ಒಂದೂ ಇಲ್ಲ. ಕೆಂಪು ಕಣ ಚಿಕ್ಕದು, ಬೇರ್ಪಡಿಸುವುದು ಸುಲಭ. ಬಿಳಿ ಕಣದ ಜೊತೆಗೇ ತೊಂದರೆ. ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ.

ಹೆಚ್ಚು ಹೆಸರಾದ ದಾರಿ ಗಾಳ ಹಾಕುವುದು. ಅತಿ ಸಣ್ಣ ಕಬ್ಬಿಣದ ಕಣಗಳಿಗೆ ಪ್ರತಿಕಾಯ ಅಂಟಿಸಿ ರಕ್ತಕ್ಕೆ ಬೆರೆಸುತ್ತಾರೆ. ಆ ಪ್ರತಿಕಾಯ ಕ್ಯಾನ್ಸರ್ ಕೋಶದ ಮೈಮೇಲಿರುವ ಒಂದು ಗುರುತನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಯಸ್ಕಾಂತ ಇಟ್ಟು ಎಳೆದರೆ ಕೋಶ ಒಂದು ಕಡೆ ಬಂದು ನಿಲ್ಲುತ್ತದೆ. ಸೆಲ್‌ಸರ್ಚ್ ಅನ್ನುವ ಯಂತ್ರ ಕೆಲಸ ಮಾಡುವುದು ಹೀಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಹರಡಿದ ಸ್ತನ ಕ್ಯಾನ್ಸರಿಗೆ. ಆಮೇಲೆ ದೊಡ್ಡ ಕರುಳು, ಪ್ರಾಸ್ಟೇಟ್ ಕ್ಯಾನ್ಸರುಗಳಿಗೆ ಸಿಕ್ಕಿತು. ಮೆಲನೋಮಕ್ಕಲ್ಲ. ಈ ಮಾತನ್ನು ನೆನಪಿಡಿ.

ಯಾಕೆ ಮೆಲನೋಮಕ್ಕಿಲ್ಲ? ಆ ಯಂತ್ರದ ಮಾಮೂಲಿ ಗಾಳ ಹಿಡಿಯುವುದು ಎಪ್‌ಕ್ಯಾಮ್ ಅನ್ನುವ ಗುರುತನ್ನು. ಅಂಗಗಳ ಒಳ ಹೊದಿಕೆಯ ಕೋಶಗಳಿಂದ ಹುಟ್ಟಿದ ಕ್ಯಾನ್ಸರಿನಲ್ಲಿ ಅದು ಇರುತ್ತದೆ. ಮೆಲನೋಮ ಹುಟ್ಟುವುದು ಬಣ್ಣದ ಕೋಶದಲ್ಲಿ, ಅದರ ಮೈಮೇಲೆ ಎಪ್‌ಕ್ಯಾಮ್ ಇರುವುದಿಲ್ಲ. ಅಂದರೆ ಸ್ತನ ಕ್ಯಾನ್ಸರಿನ ಗಾಳವನ್ನು ಮೆಲನೋಮದ ರಕ್ತಕ್ಕೆ ಹಾಕಿದರೆ ಏನೂ ಸಿಗದೆ ಸೊನ್ನೆ ಬರುತ್ತದೆ. ಆ ಸೊನ್ನೆ ನೋಡಿ ಖುಷಿಪಟ್ಟರೆ? ಮರ್ಕೆಲ್ ಕೋಶಗಳಲ್ಲಿ ಈ ಗುರುತು ಇರುವುದರಿಂದ ಅಲ್ಲಿ ಮಾಮೂಲಿ ಗಾಳವೇ ನಡೆಯುತ್ತದೆ. ಒಂದೇ ಚರ್ಮದ ಎರಡು ಕ್ಯಾನ್ಸರಿಗೆ ಬೇರೆ ಬೇರೆ ಗಾಳ.

ಮೆಲನೋಮಕ್ಕಾಗಿ ಸಂಶೋಧಕರು ಸಿಡಿ146 ಅನ್ನುವ ಗುರುತನ್ನು ಹಿಡಿಯುವ ಗಾಳ ಮಾಡಿಕೊಂಡಿದ್ದಾರೆ. ಹಿಡಿದದ್ದು ನಿಜಕ್ಕೂ ಮೆಲನೋಮವೇ ಅಂತ ನೋಡಲು ಇನ್ನೊಂದು ಗುರುತಿಗೆ ಬಣ್ಣ ಹಾಕುತ್ತಾರೆ. ಬಿಳಿ ಕಣವಲ್ಲ ಅಂತ ಖಚಿತ ಮಾಡಲು ಸಿಡಿ45ಕ್ಕೆ ಬಣ್ಣ ಹಾಕುತ್ತಾರೆ. ರಕ್ತನಾಳದ ಒಳಗೋಡೆಯ ಕೋಶಗಳ ಮೇಲೂ ಸಿಡಿ146 ಇರುತ್ತದೆ. ಹಾಗಾಗಿ ಅವನ್ನು ಬೇರ್ಪಡಿಸಲು ಸಿಡಿ34ಕ್ಕೂ ಬಣ್ಣ. ಕೊನೆಗೆ ಪರದೆಯ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಫೋಟೋಗಳು ಬರುತ್ತವೆ. ನಡುವೆ ಹೊಳೆಯುವ ಕೋಶಕೇಂದ್ರ ಇರಬೇಕು, ಮೆಲನೋಮದ ಬಣ್ಣ ಕಾಣಬೇಕು, ಬಿಳಿ ಕಣದ ಬಣ್ಣ ಕಾಣಬಾರದು. ಒಬ್ಬ ಮನುಷ್ಯ ಕುಳಿತು ಒಂದೊಂದೇ ನೋಡಿ ಹೌದು, ಅಲ್ಲ ಅಂತ ಗುರುತು ಹಾಕುತ್ತಾನೆ. ಯಂತ್ರ ಎಷ್ಟೇ ದೊಡ್ಡದಿದ್ದರೂ ಕೊನೆಯ ಮಾತು ಒಂದು ಜೊತೆ ಕಣ್ಣಿನದು. ಅರೆಬರೆ ಕಾಣುವ ಕೋಶ ಬಂದಾಗ ಇಬ್ಬರಿಗೆ ಎರಡು ಅಭಿಪ್ರಾಯ ಬರುವುದು ಸಹಜ ಅಲ್ವಾ?

ಗಾಳ ಬೇಡ, ಜರಡಿ ಸಾಕು ಅನ್ನುವವರೂ ಇದ್ದಾರೆ. ಗಾತ್ರ ನೋಡಿ, ಗಡಸುತನ ನೋಡಿ ಸೋಸುವ ದಾರಿ. ಗುರುತು ಯಾವುದೇ ಇರಲಿ, ದೊಡ್ಡ ಕೋಶ ಸಿಕ್ಕಿಬೀಳುತ್ತದೆ. ಆದರೆ ಚಿಕ್ಕ ಮೆಲನೋಮ ಕೋಶ ಜಾರಿಕೊಳ್ಳುತ್ತದೆ, ದೊಡ್ಡ ಬಿಳಿ ಕಣ ಉಳಿದುಕೊಳ್ಳುತ್ತದೆ.

ಮೂರನೆಯದು ಆರ್‌ಎನ್ಎ, ಅಂದರೆ ಕೋಶದೊಳಗೆ ಜೀನಿನ ಸಂದೇಶ ಹೊರುವ ವಸ್ತುವನ್ನು ಹುಡುಕುವುದು. ಬಣ್ಣ ತಯಾರಿಸುವ ಕೆಲಸಕ್ಕೆ ಬೇಕಾದ ಟೈರೋಸಿನೇಸ್ ಅನ್ನುವ ಕಿಣ್ವದ ಸಂದೇಶ ರಕ್ತದಲ್ಲಿ ಯಾಕಿರಬೇಕು? ಇದ್ದರೆ ಬಣ್ಣದ ಕೋಶ ಅಲ್ಲಿ ಬಂದಿರಬೇಕು. 1991ರಲ್ಲಿ ಈ ಯೋಚನೆಯಿಂದ ಪಿಸಿಆರ್ ಮಾಡಿ ತೋರಿಸಿದಾಗ ಎಲ್ಲರಿಗೂ ಹುಮ್ಮಸ್ಸು ಬಂತು. ಆಮೇಲೆ ಒಂದು ಲ್ಯಾಬಿನ ಫಲಿತಾಂಶ ಇನ್ನೊಂದು ಲ್ಯಾಬಿಗೆ ಹೊಂದಲಿಲ್ಲ. ಹುಮ್ಮಸ್ಸು ಇಳಿಯಿತು.

ನನಗೆ ತುಂಬಾ ಇಷ್ಟವಾದದ್ದು ನಾಲ್ಕನೆಯ ದಾರಿ. ಅದಕ್ಕೆ ರಕ್ತ ತೆಗೆಯುವುದೇ ಬೇಡ. ಕೈಯ ರಕ್ತನಾಳದ ಮೇಲೆ ಚರ್ಮದ ಹೊರಗಿನಿಂದಲೇ ಲೇಸರ್ ಬೆಳಕು ಬಿಡುತ್ತಾರೆ. ಮೆಲನೋಮ ಕೋಶದೊಳಗಿನ ಕಪ್ಪು ಬಣ್ಣ ಆ ಬೆಳಕನ್ನು ಹೀರಿ ಒಂದು ಕ್ಷಣ ಬಿಸಿಯಾಗಿ ಹಿಗ್ಗುತ್ತದೆ. ಆಗ ಸಣ್ಣ ಸದ್ದು ಹುಟ್ಟುತ್ತದೆ. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ಅಲ್ಟ್ರಾಸೌಂಡ್ ಕಿವಿ ಕೇಳಿಸಿಕೊಳ್ಳುತ್ತದೆ. ಅಮೆರಿಕದ ಅರ್ಕಾನ್ಸಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ವ್ಲಾದಿಮಿರ್ ಝಾರೊವ್ ತಂಡ ಮಾಡಿದ ಈ ಉಪಕರಣದ ಹೆಸರು ಸೈಟೋಫೋನ್. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 28 ಮೆಲನೋಮ ರೋಗಿಗಳಲ್ಲಿ 27 ಜನರಲ್ಲಿ ಕೋಶ ಪತ್ತೆಯಾಯಿತು. ಟ್ಯೂಬಿನ ರಕ್ತವಷ್ಟೇ ಅಲ್ಲ, ನಾಳದಲ್ಲಿ ಹರಿದುಹೋಗುವ ರಕ್ತವನ್ನೆಲ್ಲ ನೋಡಬಹುದು ಅನ್ನುವುದೇ ಇದರ ಬಲ. ಮಿತಿ ಇಲ್ಲವೇ? ಇದೆ. ಕೆಲವು ಮೆಲನೋಮಗಳಲ್ಲಿ ಬಣ್ಣವೇ ಇರುವುದಿಲ್ಲ, ಅವು ಸದ್ದು ಮಾಡುವುದಿಲ್ಲ. ಮೇಲಿನ ಚರ್ಮದಲ್ಲೂ ಅದೇ ಬಣ್ಣ ಇದೆ, ಅದೂ ಬೆಳಕು ಹೀರುತ್ತದೆ. 28 ಜನ ಅಂದರೆ ಚಿಕ್ಕ ಗುಂಪು ಕೂಡ.

ಐದನೇ ಹೆಜ್ಜೆ: "ಫಲಿತಾಂಶ ಬಂದ ಮೇಲೆ ಏನು ಬದಲಾಗುತ್ತದೆ?" ಅಂತ ಕೇಳಿ

ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಇದೊಂದೇ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ಸೊನ್ನೆ ಬಂದರೆ ಔಷಧಿ ನಿಲ್ಲಿಸುತ್ತೀರಾ? ಐದು ಬಂದರೆ ಔಷಧಿ ಬದಲಿಸುತ್ತೀರಾ? ಸ್ಕ್ಯಾನ್ ಬೇಗ ಮಾಡಿಸುತ್ತೀರಾ? ಮೂರಕ್ಕೂ ಇಲ್ಲ ಅಂದರೆ ಪರೀಕ್ಷೆಯಿಂದ ಸಿಗುವುದು ನಿದ್ದೆಗೆಡಿಸುವ ಒಂದು ಅಂಕಿ ಅಷ್ಟೇ.

ಮೆಲನೋಮದಲ್ಲಿ ಈಗ ಚಿಕಿತ್ಸೆ ತೀರ್ಮಾನವಾಗುವುದು ಬೇರೆ ವಿಷಯಗಳ ಮೇಲೆ. ಗಡ್ಡೆಯ ದಪ್ಪ, ಅದರ ಮೇಲ್ಮೈ ಹುಣ್ಣಾಗಿದೆಯೇ, ಹತ್ತಿರದ ಲಿಂಫ್ ಗಂಟಿಗೆ (ಕಂಕುಳು, ತೊಡೆಸಂದು, ಕತ್ತಿನಂಥ ಕಡೆ ಇರುವ ರಕ್ಷಣಾ ಗಂಟು) ಮುಟ್ಟಿದೆಯೇ, ಸ್ಕ್ಯಾನಿನಲ್ಲಿ ಏನಿದೆ, ಬಿಆರ್‌ಎಎಫ್ ಜೀನ್ ಕೆಟ್ಟಿದೆಯೇ. ಸಿಟಿಸಿ ಎಣಿಕೆ ಈ ಪಟ್ಟಿಯಲ್ಲಿಲ್ಲ.

ಹಾಗಂತ ಎಣಿಕೆಗೆ ಅರ್ಥವಿಲ್ಲ ಅಂತಲ್ಲ. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದವರು ಮೂರನೇ ಹಂತದ, ಅಂದರೆ ಲಿಂಫ್ ಗಂಟಿನವರೆಗೆ ಬಂದ ಮೆಲನೋಮದ 243 ಜನರ ರಕ್ತ ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 90 ಜನರ ರಕ್ತದಲ್ಲಿ ಒಂದಾದರೂ ಕೋಶ ಸಿಕ್ಕಿತು. ಅಂಥವರಲ್ಲಿ ಕಾಯಿಲೆ ಬೇಗ ಮರುಕಳಿಸುವುದು ಜಾಸ್ತಿ ಇತ್ತು. ಯಾರ ಮೇಲೆ ಜಾಸ್ತಿ ಕಣ್ಣಿಡಬೇಕು ಅನ್ನುವ ಸುಳಿವು ಇಲ್ಲಿದೆ.

ಆದರೆ ಸುಳಿವು ಸಿಕ್ಕಿದ ಮೇಲೆ ಏನಾದರೂ ಮಾಡಿದರೆ ರೋಗಿಗೆ ಲಾಭವಾಗುತ್ತದೆಯೇ? ಅದು ಬೇರೆ ಪ್ರಶ್ನೆ. ಸ್ತನ ಕ್ಯಾನ್ಸರಿನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ್ದಾರೆ. ಸ್ವಾಗ್ ಅನ್ನುವ ಅಮೆರಿಕದ ಸಂಶೋಧನಾ ಗುಂಪಿನ ಎಸ್0500 ಅಧ್ಯಯನ, ಪ್ರಕಟವಾದದ್ದು 2014ರಲ್ಲಿ. ಮೊದಲ ಸುತ್ತಿನ ಕೀಮೋ ಆದಮೇಲೂ ಸಿಟಿಸಿ ಎಣಿಕೆ ಇಳಿಯದವರಲ್ಲಿ ಕೆಲವರಿಗೆ ಕೂಡಲೇ ಬೇರೆ ಕೀಮೋ ಕೊಟ್ಟರು, ಉಳಿದವರಿಗೆ ಅದೇ ಮುಂದುವರಿಸಿದರು. ಎರಡೂ ಗುಂಪಿನವರು ಬದುಕಿದ ಕಾಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಣಿಕೆ ಏರಿದ್ದವರಿಗೆ ಕಾಯಿಲೆ ಜೋರಾಗಿತ್ತು ಅನ್ನುವುದು ನಿಜವೇ ಆಯಿತು. ಎಣಿಕೆ ನೋಡಿ ಔಷಧಿ ಬದಲಿಸಿದ್ದರಿಂದ ಮಾತ್ರ ಏನೂ ಸಿಗಲಿಲ್ಲ. ಹೆಚ್ಚು ಪಳಗಿದ ಕ್ಯಾನ್ಸರಿನಲ್ಲೇ ಹೀಗಾದರೆ ಮೆಲನೋಮದಲ್ಲಿ ಎಷ್ಟು ಜೋಪಾನ ಬೇಕು ನೋಡಿ.

ನೀವು ಸಂಶೋಧನೆಯ ಭಾಗವಾಗಿ ರಕ್ತ ಕೊಡುತ್ತಿದ್ದರೆ ಅದು ಬೇರೆ. ಖುಷಿಯಿಂದ ಕೊಡಿ. ಒಪ್ಪಿಗೆ ಪತ್ರ ಪೂರ್ತಿ ಓದಿ, ಫಲಿತಾಂಶ ನಿಮಗೆ ಹೇಳುತ್ತಾರೋ ಇಲ್ಲವೋ ಅಂತ ಮುಂಚೆಯೇ ಕೇಳಿಕೊಳ್ಳಿ. ಎಷ್ಟೋ ಅಧ್ಯಯನಗಳಲ್ಲಿ ಹೇಳುವುದಿಲ್ಲ.

ಆರನೇ ಹೆಜ್ಜೆ: ರಕ್ತ ಕೊಡುವ ದಿನ

ಉಪವಾಸ ಬೇಕೇ ಅಂತ ಲ್ಯಾಬಿಗೇ ಕೇಳಿ. ಕೋಶ ಎಣಿಸುವುದಕ್ಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಜೊತೆಗೆ ಬೇರೆ ಪರೀಕ್ಷೆ ಇದ್ದರೆ ಬೇಕಾಗಬಹುದು.

ಸೂಜಿ ಚುಚ್ಚಿದಾಗ ಅದರ ತುದಿಯಲ್ಲಿ ಚರ್ಮದ ಒಂದೆರಡು ಕೋಶ ಕಿತ್ತುಕೊಂಡು ಬರಬಹುದು. ಬೇರೆ ಪರೀಕ್ಷೆಗಾದರೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಎರಡು ಅಂತ ಎಣಿಸುವ ಪರೀಕ್ಷೆಯಲ್ಲಿ ಚರ್ಮದ ಕೋಶವೊಂದು ಸೇರಿಕೊಂಡರೆ ಹಗ್ಗ ಹಾವಾಗುತ್ತದೆ. ಅದಕ್ಕೇ ಜಾಣ ತಂತ್ರಜ್ಞರು ಮೊದಲ ಟ್ಯೂಬಿನ ರಕ್ತವನ್ನು ಬೇರೆ ಪರೀಕ್ಷೆಗೆ ಕಳಿಸಿ, ಎರಡನೇ ಟ್ಯೂಬನ್ನು ಇದಕ್ಕೆ ಇಡುತ್ತಾರೆ. "ಮೊದಲ ಟ್ಯೂಬ್ ಇದಕ್ಕೆ ಬೇಡ ಅಲ್ವಾ?" ಅಂತ ಮೆಲ್ಲಗೆ ಕೇಳಿದರೆ ತಪ್ಪೇನಿಲ್ಲ.

ಟ್ಯೂಬ್ ಯಾವುದು ಅನ್ನುವುದೂ ಮುಖ್ಯ. ಸೆಲ್‌ಸರ್ಚ್ ಮಾದರಿಗೆ ಕೋಶ ಕೆಡದ ಹಾಗೆ ಕಾಯುವ ವಿಶೇಷ ಟ್ಯೂಬ್ ಇದೆ. ಅದರಲ್ಲಿ 7.5 ಮಿಲಿಲೀಟರ್ ಪರೀಕ್ಷೆಗೆ ಬೇಕು. ತುಂಬಿದ ಕೂಡಲೇ ಟ್ಯೂಬನ್ನು ನಿಧಾನವಾಗಿ ಎಂಟು ಸಲ ತಲೆಕೆಳಗು ಮಾಡಬೇಕು, ಕುಲುಕಬಾರದು. ಫ್ರಿಜ್ಜಿನಲ್ಲಿ ಇಡಬಾರದು. ಕೋಣೆಯ ಉಷ್ಣತೆಯಲ್ಲಿ ಇಟ್ಟರೆ 96 ಗಂಟೆಯವರೆಗೆ ತಡೆಯುತ್ತದೆ. ಮಾಮೂಲಿ ಇಡಿಟಿಎ ಟ್ಯೂಬಿನಲ್ಲಿ ಅಷ್ಟು ಕಾಲ ಕೋಶ ಉಳಿಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕೆಲಸ ಶುರುವಾಗಬೇಕು. ಸ್ಯಾಂಪಲ್ ಬೇರೆ ಊರಿಗೆ ಹೋಗುತ್ತದೆ ಅಂದರೆ ಯಾವ ಟ್ಯೂಬಿನಲ್ಲಿ, ಎಷ್ಟು ಗಂಟೆಯಲ್ಲಿ ಮುಟ್ಟುತ್ತದೆ ಅಂತ ಕೇಳಿ, ರಕ್ತ ತೆಗೆದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಮೊನ್ನೆ ಮೊನ್ನೆ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಗಡ್ಡೆ ಮುಟ್ಟಿದಾಗ, ಕತ್ತರಿಸಿದಾಗ ಸ್ವಲ್ಪ ಕಾಲ ಕೋಶ ರಕ್ತಕ್ಕೆ ಸೇರಬಹುದು.

ಏಳನೇ ಹೆಜ್ಜೆ: ರಿಪೋರ್ಟಿನ ಅಂಕಿಯನ್ನು ಓದುವುದು

ಅಂಕಿಗಿಂತ ಮುಂಚೆ ಅದರ ಸುತ್ತಮುತ್ತ ನೋಡಿ. ಯಾವ ವಿಧಾನ? ಯಾವ ಗುರುತು? ಎಷ್ಟು ಮಿಲಿಲೀಟರ್ ರಕ್ತಕ್ಕೆ ಈ ಎಣಿಕೆ? ಇದು ಯಾವುದೂ ಬರೆದಿಲ್ಲ ಅಂದರೆ ಆ ರಿಪೋರ್ಟ್ ಅರ್ಧ ರಿಪೋರ್ಟ್. ಇನ್ನೊಂದು ಎಚ್ಚರಿಕೆ: ಕೆಲವು ಕಡೆ "5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು" ಅಂತ ಓದಿರುತ್ತೀರಿ. ಆ ಐದು 7.5 ಮಿಲಿಲೀಟರಿಗೆ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾಕಿದ ಗೆರೆ. ದೊಡ್ಡ ಕರುಳಿಗೆ ಅದು ಮೂರು. ಆ ಗೆರೆಯನ್ನು ಮೆಲನೋಮಕ್ಕೆ ಎಳೆದು ತರಬೇಡಿ.

ಈಗ ಸೊನ್ನೆಯ ವಿಷಯ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಪರೀಕ್ಷೆಗೆ ಹೋಗುವುದು 7.5 ಮಿಲಿಲೀಟರ್. ಅಂದರೆ 667ರಲ್ಲಿ ಒಂದು ಪಾಲು. ಇಡೀ ಮೈಯ ರಕ್ತದಲ್ಲಿ ಈ ಹೊತ್ತಿಗೆ 667 ಕ್ಯಾನ್ಸರ್ ಕೋಶ ಇವೆ ಅಂದುಕೊಳ್ಳಿ. ಒಂದು ಟ್ಯೂಬಿಗೆ ಸರಾಸರಿ ಒಂದು ಬರಬೇಕು. ಆದರೆ ಅವು ಸಾಲಾಗಿ ನಿಂತಿರುವುದಿಲ್ಲವಲ್ಲ. ಅಂಥ ರಕ್ತದಿಂದ ಅದೇ ಅಳತೆಯ 100 ಟ್ಯೂಬ್ ತೆಗೆದರೆ ಸುಮಾರು 37ರಲ್ಲಿ ಒಂದೂ ಕೋಶ ಇರುವುದಿಲ್ಲ, 37ರಲ್ಲಿ ಒಂದು ಇರುತ್ತದೆ, ಉಳಿದ 26ರಲ್ಲಿ ಎರಡು ಅಥವಾ ಜಾಸ್ತಿ. ರೋಗಿ ಒಬ್ಬನೇ, ರಕ್ತ ಅದೇ, ಹೊತ್ತೂ ಅದೇ. ಸೊನ್ನೆ ಬರುವುದು, ಎರಡು ಬರುವುದು ಬರೀ ಅದೃಷ್ಟದ ಆಟ. ಇದರಲ್ಲಿ ಲ್ಯಾಬಿನ ತಪ್ಪು ಇನ್ನೂ ಸೇರಿಲ್ಲ.

ಹಾಗಾಗಿ ಹೋದ ತಿಂಗಳು 1 ಇತ್ತು, ಈ ತಿಂಗಳು 2 ಆಯಿತು, ಎರಡು ಪಟ್ಟಾಯಿತು ಅಂತ ಅಳಬೇಡಿ. 2 ಇದ್ದದ್ದು 0 ಆಯಿತು ಅಂತ ಔಷಧಿಯನ್ನು ನಿಲ್ಲಿಸಲೂ ಬೇಡಿ. ಚಿಕ್ಕ ಅಂಕಿಗಳ ಏರಿಳಿತಕ್ಕೆ ಬೆಲೆ ಕಡಿಮೆ. 2ರಿಂದ 40ಕ್ಕೆ ಹೋದರೆ ಅದು ಬೇರೆ, ಆಗ ಅದೇ ದಿನ ಡಾಕ್ಟರಿಗೆ ತೋರಿಸಿ.

ಇನ್ನೊಂದು ವಿಷಯ ಜನ ಕೇಳುವುದೇ ಇಲ್ಲ. ರಕ್ತಕ್ಕೆ ಬಿದ್ದ ಕೋಶಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಹರಿವಿನ ಹೊಡೆತ, ರಕ್ಷಣಾ ಕೋಶಗಳ ದಾಳಿ ತಡೆದು, ಹೊಸ ಜಾಗದಲ್ಲಿ ಬೇರು ಬಿಡುವುದು ಯಾವುದೋ ಒಂದು. ಇಂಗ್ಲೆಂಡಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು: ಇದು ಬೀಜ ಮತ್ತು ಮಣ್ಣಿನ ವ್ಯವಹಾರ. ಬೀಜ ಎಲ್ಲ ಕಡೆ ಬೀಳುತ್ತದೆ, ಮಣ್ಣು ಒಗ್ಗಿದ ಕಡೆ ಮಾತ್ರ ಮೊಳೆಯುತ್ತದೆ. ರಕ್ತದಲ್ಲಿ ಕೋಶ ಕಂಡಿತು ಅಂದರೆ ಬೀಜ ಗಾಳಿಯಲ್ಲಿದೆ ಅಂತ ಅಷ್ಟೇ.

ಎಂಟನೇ ಹೆಜ್ಜೆ: ಆಮೇಲೆ

ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ, ಫೈಲಿಗೆ ಹಾಕಿ. ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬ್, ಅದೇ ವಿಧಾನ. ಬೇರೆ ಲ್ಯಾಬಿನ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ. ಮಾಮೂಲಿ ತಪಾಸಣೆ, ಸ್ಕ್ಯಾನ್ ದಿನಗಳನ್ನು ತಪ್ಪಿಸಬೇಡಿ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಇಡೀ ಮೈ ನೋಡಿಕೊಳ್ಳಿ, ಬೆನ್ನು ನೋಡಲು ಮನೆಯವರನ್ನು ಕರೆಯಿರಿ. ಕಂಕುಳು, ತೊಡೆಸಂದು, ಕತ್ತಿನಲ್ಲಿ ಗಂಟು ಸಿಕ್ಕರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಮೈಯಲ್ಲಿ ಏನೂ ಇಲ್ಲದವರಿಗೂ "ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರ್" ಅಂತ ಜಾಹೀರಾತು ಬರುತ್ತದೆ. ಮೇಲಿನ ಟ್ಯೂಬಿನ ಲೆಕ್ಕ ನೆನಪಿಸಿಕೊಳ್ಳಿ.

ಫೋನ್ ಮಾಡಿದವಳಿಗೆ ಅವತ್ತು ನಾನು ಹೇಳಿದ್ದು ಇಷ್ಟೇ: "ರಿಪೋರ್ಟಲ್ಲಿ ವಿಧಾನ ಏನು ಬರೆದಿದೆ ನೋಡು." ಏನೂ ಬರೆದಿರಲಿಲ್ಲ. ಮಾರನೇ ದಿನ ಲ್ಯಾಬಿಗೆ ಫೋನ್ ಮಾಡಿ ಕೇಳಿದಳು. ಎರಡು ದಿನ ಬಿಟ್ಟು ಉತ್ತರ ಬಂತು. ಜರಡಿ ಹಿಡಿದು ಸೋಸಿದ್ದಂತೆ. ದೊಡ್ಡದಾಗಿ ಕಂಡ ಎರಡು ಕೋಶ ಸಿಕ್ಕಿದ್ದವಂತೆ. ಮೆಲನೋಮದ ಗುರುತಿಗೆ ಬಣ್ಣ ಹಾಕಿಯೇ ಇರಲಿಲ್ಲ. ಡಾಕ್ಟರ್ ಅದನ್ನು ಓದಿ, ಮಡಚಿ, ಫೈಲಿನ ಹಿಂದಿನ ಪುಟಕ್ಕೆ ಸಿಕ್ಕಿಸಿದರು. ಆಮೇಲೆ ಅಪ್ಪನನ್ನು ಮಲಗಿಸಿ ತೊಡೆಸಂದನ್ನು ಎರಡೂ ಕಡೆ ಒತ್ತಿ ಒತ್ತಿ ನೋಡಿದರು, ಅಂಗಾಲಿನ ಗಾಯದ ಗುರುತಿನ ಸುತ್ತ ದೀಪ ಹಿಡಿದು ನೋಡಿದರು. ಮೊದಲೇ ಗೊತ್ತು ಮಾಡಿದ್ದ ಸ್ಕ್ಯಾನ್ ದಿನವನ್ನು ಬದಲಿಸಲಿಲ್ಲ.